ಪ್ರೊಜೆಕ್ಟರ್‌ನ ಬೆನ್ನು ನೋಡಿ ಕೊಳ್ಳಿ

ನಮ್ಮ ಮಾರೇನಹಳ್ಳಿಯ ಬೀದಿಗಳಲ್ಲಿ ಮನೆ ಮೇಲೆ ಮನೆ, ಅದರ ಮೇಲೊಂದು ಬಾಡಿಗೆ ರೂಮು. ಆ ರೂಮುಗಳಲ್ಲಿ ಓದುವವರು, ಓದು ಮುಗಿಸಿ ಕೆಲಸ ಹುಡುಕುವವರು ಇದ್ದಾರೆ. ಈಚೆಗೆ ಅಲ್ಲಿ ಹೊಸದೊಂದು ಆಸೆ ಹುಟ್ಟಿದೆ: ಟಿ.ವಿ. ಬೇಡ, ನಾಲ್ಕು ಜನ ದುಡ್ಡು ಹಾಕಿ ಪ್ರೊಜೆಕ್ಟರ್ ತರೋಣ, ಕ್ರಿಕೆಟ್ಟು ಸಿನಿಮಾ ಎಲ್ಲ ಗೋಡೆ ತುಂಬ ನೋಡೋಣ. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಓದುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ‘ಯಾವುದು ತಗೊಳ್ಳೋಣ ಮಗಾ?’ ಎಂಬ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ‘ಹಿಂಭಾಗದ ಫೋಟೊ ಇದೆಯಾ?’

ಪಕ್ಕದ ಬೀದಿಯ ಗೆಳೆಯ ಸಂಜೆ ಟ್ಯೂಷನ್ ಹೇಳಿ ಕೂಡಿಟ್ಟ ಎಂಟೂವರೆ ಸಾವಿರ ಕೊಟ್ಟು ಆನ್‌ಲೈನ್‌ನಲ್ಲಿ ಒಂದನ್ನು ತರಿಸಿದ್ದ. ಡಬ್ಬದ ಮೇಲೆ ದೊಡ್ಡದಾಗಿ ‘4ಕೆ ಸಪೋರ್ಟ್’ ಎಂದಿತ್ತು. ಸಪೋರ್ಟ್ ಎಂದರೆ ಆ ಸಿಗ್ನಲ್ ಬಂದರೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಒಳಗಿನ ಪ್ಯಾನೆಲ್‌ನಲ್ಲಿ ಇದ್ದದ್ದು 800×480 ಚುಕ್ಕೆ, ಅಂದರೆ 3.84 ಲಕ್ಷ. ನಿಜವಾದ 4ಕೆ ಚಿತ್ರಕ್ಕೆ ಬೇಕಾದದ್ದು ಸುಮಾರು 83 ಲಕ್ಷ. ಕ್ರಿಕೆಟ್ ಸ್ಕೋರು ಓದಲು ಗೋಡೆ ಹತ್ತಿರ ಹೋಗಬೇಕಿತ್ತು! ಮೈಮೇಲೆ ಫೋಕಸ್ ಚಕ್ರ ಒಂದು ಬಿಟ್ಟರೆ ತಿರುಗಿಸಲು ಏನೂ ಇರಲಿಲ್ಲ.

ಜಾಹೀರಾತು ಏನೇ ಹೇಳಲಿ, ಪ್ರೊಜೆಕ್ಟರ್‌ನ ಮೈ ಸುಳ್ಳು ಹೇಳುವುದಿಲ್ಲ. ಮೊದಲು ಲೆನ್ಸ್ ನೋಡಿ. ‘ಥ್ರೋ ರೇಶಿಯೊ’ ಎಂಬ ಒಂದು ಸಂಖ್ಯೆ ಇರುತ್ತದೆ: ಲೆನ್ಸಿನಿಂದ ಗೋಡೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಸಿಗುವುದು. ನಮ್ಮ ಕಡೆಯ ರೂಮು ಸಾಮಾನ್ಯವಾಗಿ ಹತ್ತಡಿಗೆ ಹನ್ನೆರಡಡಿ. ಯಂತ್ರದ ಮೈ ಒಂದಡಿ, ಹಿಂದೆ ವೈರು ಬಗ್ಗಲು ಅರ್ಧ ಅಡಿ ಕಳೆದರೆ ಉಳಿಯುವುದು ಹತ್ತೂವರೆ. ಸಂಖ್ಯೆ 1.5 ಆದರೆ ಚಿತ್ರ ಏಳಡಿ ಅಗಲ, ಕರ್ಣದಲ್ಲಿ 96 ಇಂಚು. 2 ಆದರೆ ಅದೇ ರೂಮಿನಲ್ಲಿ 72 ಇಂಚಿಗೆ ಇಳಿಯುತ್ತದೆ. ಲೆನ್ಸಿನ ಸುತ್ತ ಫೋಕಸ್ ಜೊತೆಗೆ ಜೂಮ್ ಉಂಗುರವೂ ಇದ್ದರೆ ಯಂತ್ರ ಕದಲಿಸದೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಬಹುದು, ಕುಗ್ಗಿಸಬಹುದು.

ಎತ್ತರದ್ದು ಇದಕ್ಕಿಂತ ದೊಡ್ಡ ತಲೆನೋವು. ಸೀಲಿಂಗ್‌ಗೆ ತೂತು ಕೊರೆದರೆ ಮನೆ ಮಾಲೀಕರು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಹಾಗಾಗಿ ಎಲ್ಲರ ಕಣ್ಣೂ ಸಜ್ಜಾದ ಮೇಲೆ. ಆದರೆ ಸಾಮಾನ್ಯ ಪ್ರೊಜೆಕ್ಟರ್‌ಗಳು ಬೆಳಕನ್ನು ಮೇಲ್ಮುಖವಾಗಿ ಚೆಲ್ಲುತ್ತವೆ. ಮೇಜಿನ ಮೇಲಿಡಲು, ಇಲ್ಲವೇ ಸೀಲಿಂಗ್‌ಗೆ ತಲೆಕೆಳಗಾಗಿ ನೇತುಹಾಕಲು ಮಾಡಿದ ಲೆಕ್ಕ ಅದು. ನೆಟ್ಟಗೆ ಸಜ್ಜಾದ ಮೇಲಿಟ್ಟರೆ ಚಿತ್ರ ಸೀಲಿಂಗ್ ಮೇಲೆ ಬೀಳುತ್ತದೆ. ಮೂತಿ ಕೆಳಗೆ ಬಾಗಿಸಿದರೆ ಆಯತ ಹೋಗಿ ಕೆಳಗೆ ಅಗಲ, ಮೇಲೆ ಕಿರಿದು. ಅದನ್ನು ಸರಿಮಾಡುವ ‘ಕೀಸ್ಟೋನ್’ ಎಂಬ ಗುಂಡಿ ಇದೆ, ನಿಜ. ಅದು ಮಾಡುವುದು ಚಿತ್ರವನ್ನು ಚಿಪ್ಪಿನೊಳಗೇ ಕುಗ್ಗಿಸುವ ಕೆಲಸ. ಅಂಚಿನ ಪಿಕ್ಸೆಲ್‌ಗಳು ವ್ಯರ್ಥ, ಅಕ್ಷರ ಮಸುಕು. ಇದಕ್ಕೆ ನಿಜವಾದ ಪರಿಹಾರ ‘ಲೆನ್ಸ್ ಶಿಫ್ಟ್’. ಯಂತ್ರ ಅಲುಗದೆ ಲೆನ್ಸ್ ಮಾತ್ರ ಮೇಲೆ ಕೆಳಗೆ ಸರಿಯುತ್ತದೆ, ಒಂದು ಪಿಕ್ಸೆಲ್ಲೂ ನಷ್ಟವಿಲ್ಲ. ಎಪ್ಸನ್‌ನ ಕೆಲವು ಹೋಂ ಥಿಯೇಟರ್ ಮಾದರಿಗಳಲ್ಲಿ ಇದಕ್ಕೆಂದೇ ಮೇಲ್ಭಾಗದಲ್ಲಿ ಎರಡು ಡಯಲ್ ಇವೆ. ನನ್ನ ಕೇಳಿದರೆ, ಬಾಡಿಗೆ ಮನೆಯವರಿಗೆ ಇನ್ನಷ್ಟು ಲುಮೆನ್ಸ್‌ಗಿಂತ ಈ ಡಯಲ್ ಮುಖ್ಯ.

ಗಾಳಿ ಬಿಡುವ ಜಾಲರಿ ಎಲ್ಲಿದೆ ಎಂದೂ ನೋಡಿ. ಹಿಂದಿದ್ದರೆ ಗೋಡೆಗೆ ಒತ್ತಿ ಇಡಲಾಗದು, ಲೆಕ್ಕ ಹಾಕಿದ ಹತ್ತೂವರೆ ಅಡಿ ಇನ್ನೂ ಕಡಿಮೆಯಾಗುತ್ತದೆ. ಲ್ಯಾಂಪ್ ಇರುವ ಯಂತ್ರವಾದರೆ ಕರೆಂಟ್ ಹೋದ ಕ್ಷಣ ಫ್ಯಾನೂ ನಿಂತು ಬಿಸಿ ಒಳಗೇ ಉಳಿಯುತ್ತದೆ. ಯುಪಿಎಸ್ ಲೈನಿಗೆ ಹಾಕುವುದು ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಮೈಮೇಲೆ ಮೆನು, ಸೋರ್ಸ್ ಮತ್ತು ಬಾಣದ ಗುಂಡಿಗಳು ಇವೆಯೇ ನೋಡಲೇಬೇಕು. ಹಳೆಯ ಯಂತ್ರಗಳ ರಿಮೋಟ್ ಕಳೆದೇ ಹೋಗಿರುತ್ತದೆ.

ಈಗ ಬೆನ್ನಿಗೆ ಬರೋಣ. ಎಚ್‌ಡಿಎಂಐ ಎರಡಾದರೂ ಇರಲಿ, ಒಂದು ಲ್ಯಾಪ್‌ಟಾಪ್‌ಗೆ, ಒಂದು ಸ್ಟ್ರೀಮಿಂಗ್ ಸ್ಟಿಕ್‌ಗೆ. ಅವುಗಳಲ್ಲೊಂದರ ಪಕ್ಕ ‘ಎಆರ್‌ಸಿ’ ಎಂದು ಬರೆದಿದೆಯೇ? 2009ರ ಎಚ್‌ಡಿಎಂಐ 1.4 ಆವೃತ್ತಿಯೊಂದಿಗೆ ಬಂದ ಸೌಲಭ್ಯ ಇದು. ಸ್ಟಿಕ್ಕನ್ನು ಪ್ರೊಜೆಕ್ಟರ್‌ಗೆ ಚುಚ್ಚಿದಾಗ ಶಬ್ದ ಮಾತ್ರ ಇನ್ನೊಂದು ಕೇಬಲ್‌ನಲ್ಲಿ ಹಿಂದಿರುಗಿ ಸೌಂಡ್‌ಬಾರ್ ಸೇರುತ್ತದೆ. ಅದಿಲ್ಲದಿದ್ದರೆ ಆಪ್ಟಿಕಲ್ ತೂತೋ, ಕನಿಷ್ಠ ಹೆಡ್‌ಫೋನ್ ಜ್ಯಾಕೋ ಇರಬೇಕು. ಬ್ಲೂಟೂತ್ ನೆಚ್ಚಿಕೊಂಡರೆ ತುಟಿ ಮೊದಲು, ಮಾತು ಆಮೇಲೆ. ಯುಎಸ್‌ಬಿ ಪಕ್ಕ ‘ಸರ್ವಿಸ್’ ಎಂದಿದ್ದರೆ ಅದರಲ್ಲಿ ಪೆನ್‌ಡ್ರೈವ್ ಸಿನಿಮಾ ಓಡುತ್ತದೆಂದು ನಂಬಬೇಡಿ. 1987ರಲ್ಲಿ ಐಬಿಎಂ ತಂದ ನೀಲಿ ಬಾಯಿಯ 15 ಪಿನ್ ವಿಜಿಎ ಇದ್ದರೆ ಇರಲಿ, ಅದರಲ್ಲಿ ಶಬ್ದ ಬರುವುದಿಲ್ಲ.

ಯಾರೂ ಮುಟ್ಟದ ಒಂದು ಕನೆಕ್ಟರ್ ನನಗೆ ಬಹಳ ಇಷ್ಟ: ಒಂಬತ್ತು ಪಿನ್ನಿನ ಆರ್‌ಎಸ್-232. ಎಪ್ಸನ್ ಯಂತ್ರಗಳಲ್ಲಿ ಅದಕ್ಕೆ 9600 ಬಾಡ್ ವೇಗದಲ್ಲಿ ‘ಪಿಡಬ್ಲ್ಯುಆರ್ ಆನ್’ ಎಂಬ ಸಾಲನ್ನು ಕಳಿಸಿದರೆ ಪ್ರೊಜೆಕ್ಟರ್ ತಾನೇ ಹೊತ್ತಿಕೊಳ್ಳುತ್ತದೆ. ಪೈಥಾನ್‌ನಲ್ಲಿ ನಾಲ್ಕೈದು ಸಾಲು ಸಾಕು. (ಆರ್ಡುಯಿನೊ ನೇರ ಜೋಡಿಸಬೇಡಿ, ವೋಲ್ಟೇಜ್ ಬೇರೆ, ನಡುವೆ ಮ್ಯಾಕ್ಸ್232 ಚಿಪ್ ಬೇಕು.) ಕಂಪನಿಗಳ ಮೀಟಿಂಗ್ ರೂಮುಗಳಲ್ಲಿ ಪರದೆ, ದೀಪ, ಧ್ವನಿ ಜೋಡಿಸಿಕೊಡುವ ಎವಿ ಕೆಲಸದಲ್ಲಿ ಬೇಕಾಗುವ ವಿದ್ಯೆ ಇದು. ಮಿನಿ ಪ್ರಾಜೆಕ್ಟ್ ಹುಡುಕುತ್ತಿರುವವರು ಗಮನಿಸಿ.

ಎಸ್.ಪಿ. ರಸ್ತೆಗೋ ಇನ್ನೆಲ್ಲಿಗೋ ಹಳೆಯದನ್ನು ನೋಡಲು ಹೋಗುವುದಾದರೆ ಅಳತೆ ಟೇಪು, ಲ್ಯಾಪ್‌ಟಾಪು, ನಿಮ್ಮದೇ ಕೇಬಲ್ ಒಯ್ಯಿರಿ. ಪೂರ್ತಿ ಬಿಳಿ ಚಿತ್ರ ಹಾಕಿ ಕಲೆಗಳಿವೆಯೇ ನೋಡಿ. ಅರ್ಧ ಗಂಟೆ ಓಡಿಸಿ, ‘ಟೆಂಪ್’ ದೀಪ ಕೆಂಪಾದರೆ ಎದ್ದು ಬನ್ನಿ. ಮೆನುವಿನಲ್ಲಿ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಎಂಬ ಲೆಕ್ಕ ಇರುತ್ತದೆ. ಹೊಸ ಲ್ಯಾಂಪಿನ ಬೆಲೆಯನ್ನೂ ಅಲ್ಲೇ ವಿಚಾರಿಸಿ, ಅದನ್ನು ಕಳೆದು ಚೌಕಾಸಿ ಮಾಡಿ.