ಸಂಡೂರು–ಹಂಪೆಯ ಪ್ರದೇಶದಲ್ಲಿ ತೋಟ, ನೋಟದ ನೆಲೆ ಮತ್ತು ಕಾಲುದಾರಿ

ಶಾಸನ, ನಾಣ್ಯ, ದೇವಾಲಯ, ಕೋಟೆ ಇವು ಚರಿತ್ರೆಯ ಆಕರಗಳೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಒಂದು ತೋಟ, ಬೆಟ್ಟದ ನೆತ್ತಿಯ ಮೇಲಿನ ಒಂದು ನಿಲುಗಡೆ, ಜನರ ಪಾದಗಳಿಂದ ಸವೆದ ಒಂದು ದಾರಿ ಇವೂ ಆಕರಗಳಾಗಬಲ್ಲವೆಂಬ ಮಾತನ್ನು ಮಾತ್ರ ನಮ್ಮ ಪಠ್ಯಗ್ರಂಥಗಳು ಅಷ್ಟಾಗಿ ಎತ್ತುವುದಿಲ್ಲ. ಸಂಡೂರು, ಹೊಸಪೇಟೆ, ಹಂಪೆ, ಕಂಪ್ಲಿಗಳನ್ನು ಒಳಗೊಂಡ ಭೂಭಾಗವನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಇಲ್ಲಿನ ಪ್ರಕೃತಿದೃಶ್ಯವು ಯಾರಿಂದ, ಯಾವ ಕಾರಣಕ್ಕಾಗಿ ರೂಪುಗೊಂಡಿತು ಮತ್ತು ಈಗ ಅದಕ್ಕೆ ಒದಗಿರುವ ಸ್ಥಿತಿಯೇನು ಎಂಬುದನ್ನು ವಿವೇಚಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ಭೂಮಿಯ ರಚನೆಯನ್ನು ಗಮನಿಸೋಣ. ಸಂಡೂರು ಒಂದು ನೀಳವಾದ ಕಣಿವೆ. ಅದರ ಎರಡು ಪಕ್ಕಗಳಲ್ಲಿಯೂ ಗೋಡೆಗಳಂತೆ ಬೆಟ್ಟಸಾಲುಗಳು ಹಬ್ಬಿವೆ. ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗವೆಂದು ಕರೆಯುವ, ಕಬ್ಬಿಣದ ಅದಿರಿನಿಂದ ಸಮೃದ್ಧವಾದ ಈ ಬೆಟ್ಟಗಳು ಮಳೆಗಾಲದಲ್ಲಿ ಹುಲ್ಲು ಮತ್ತು ಕಾಡನ್ನು ಹೊದೆದು ಹಸುರಾಗುತ್ತವೆ. ಕಣಿವೆಯ ನೀರನ್ನೆಲ್ಲ ಕೂಡಿಸಿಕೊಳ್ಳುವ ನಾರಿಹಳ್ಳವು ಬೆಟ್ಟದ ಗೋಡೆಯನ್ನು ಸೀಳಿಕೊಂಡು ಹೊರಬೀಳುತ್ತದೆ. ಓಬಳಗಂಡಿ, ಭೀಮಗಂಡಿ ಎಂಬ ಹೆಸರುಗಳಲ್ಲಿರುವ ‘ಗಂಡಿ’ ಎಂಬ ಪದ ಇಂತಹ ಸೀಳನ್ನೇ ಸೂಚಿಸುತ್ತದೆ. ಈ ಸಾಲುಗಳು ಹೊಸಪೇಟೆಯ ಬಳಿ ಮುಗಿದ ಮೇಲೆ ದೃಶ್ಯವು ಒಮ್ಮೆಗೇ ಬದಲಾಗುತ್ತದೆ. ಅಲ್ಲಿಂದ ಉತ್ತರಕ್ಕೆ, ತುಂಗಭದ್ರೆಯ ಎರಡು ದಡಗಳಲ್ಲಿ, ಒಂದರ ಮೇಲೊಂದು ಪೇರಿಸಿಟ್ಟಂತಹ ಗ್ರಾನೈಟ್ ಗುಂಡುಗಳ ಬೋಳುಗುಡ್ಡಗಳು. ಹಸುರು ಬೆಟ್ಟ ಮತ್ತು ಬೋಳುಗುಡ್ಡ ಎಂಬ ಈ ಎರಡು ಭೂಮಿಕೆಗಳ ನಡುವೆ ನೀರನ್ನು ಹರಿಸಿ ಬದುಕು ಕಟ್ಟಿದ್ದೇ ಈ ಸೀಮೆಯ ಚರಿತ್ರೆಯ ತಿರುಳೆನ್ನಬಹುದು.

ಹೋಲಿಕೆಗಾಗಿ ಉತ್ತರ ಇಟಲಿಯನ್ನು ಒಮ್ಮೆ ನೆನೆಯುವುದು ಉಪಯುಕ್ತ. ಪ್ರಕೃತಿಸೌಂದರ್ಯದ ವಿಚಾರದಲ್ಲಿ ಯುರೋಪಿನವರು ಎತ್ತಿ ತೋರಿಸುವ ಪ್ರದೇಶಗಳಲ್ಲಿ ಅದು ಪ್ರಮುಖವಾದುದು. ಮಜ್ಜೋರೆ ಸರೋವರದ ನಡುವಣ ಈಸೊಲಾ ಬೆಲ್ಲಾ ಎಂಬ ದ್ವೀಪದಲ್ಲಿ ಬೊರೊಮೆಯೊ ಮನೆತನದವರು 17ನೆಯ ಶತಮಾನದಲ್ಲಿ ಹತ್ತು ಅಂತಸ್ತುಗಳ ಉದ್ಯಾನವನ್ನು ನಿರ್ಮಿಸಿದರು. ಅಲ್ಲಿ ಗಿಡಮರಗಳಿರುವುದು ನೋಡುವುದಕ್ಕಾಗಿ. ಅಂತಸ್ತುಗಳಿರುವುದು ಸುತ್ತಣ ಸರೋವರವನ್ನು ನೋಡಿಸುವುದಕ್ಕಾಗಿ. ಅದೇ ಸೀಮೆಯಲ್ಲಿ ಇನ್ನೊಂದು ಬಗೆಯ ರಚನೆಯೂ ಉಂಟು. ವರೇಸೆ ಎಂಬ ಊರಿನ ಬಳಿಯ ಪವಿತ್ರ ಬೆಟ್ಟಕ್ಕೆ ಸುಮಾರು ಎರಡು ಕಿಲೋಮೀಟರುಗಳ ಏರುದಾರಿಯನ್ನು ಮಾಡಿ, ದಾರಿಯುದ್ದಕ್ಕೂ ಹದಿನಾಲ್ಕು ಪ್ರಾರ್ಥನಾಮಂದಿರಗಳನ್ನು ಕಟ್ಟಿದ್ದಾರೆ. ಯಾತ್ರಿಕನು ಒಂದೊಂದು ಮಂದಿರದ ಮುಂದೆ ನಿಂತು ಮೇಲಕ್ಕೇರುತ್ತಾನೆ. ಇಂತಹ ಒಂಬತ್ತು ಬೆಟ್ಟಗಳನ್ನು 2003ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿಗಳೊಂದಿಗೆ ದಾರಿಯೂ, ದಾರಿಯೊಂದಿಗೆ ಸುತ್ತಣ ಕಾಡು–ಬೆಟ್ಟಗಳೂ ಅಲ್ಲಿ ಸ್ಮಾರಕವೆನಿಸಿಕೊಂಡಿರುವುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

ಇಲ್ಲಿ ಒಂದು ಕಾಲಸಾಮ್ಯವೂ ಇದೆ. ಇಟಲಿಯ ಕವಿ ಪೆತ್ರಾರ್ಕನು ದಕ್ಷಿಣ ಫ್ರಾನ್ಸಿನ ವಾಂತು ಪರ್ವತವನ್ನು ಅದರ ಎತ್ತರವನ್ನು ನೋಡಬೇಕೆಂಬ ಒಂದೇ ಆಸೆಯಿಂದ ಏರಿದುದಾಗಿ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆ ಪತ್ರದ ತಾರೀಖು 1336ನೆಯ ಇಸವಿಯ ಏಪ್ರಿಲ್ 26. ಪತ್ರವು ಬಹುಶಃ ತರುವಾಯ ಬರೆದುದೆಂದು ವಿದ್ವಾಂಸರ ಅಭಿಪ್ರಾಯ. ಪರಂಪರೆಯು ವಿಜಯನಗರದ ಸ್ಥಾಪನೆಗೆ ಹೇಳುವ ವರ್ಷವೂ ಅದೇ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲವಾದರೂ, ನಮ್ಮ ಸೀಮೆಯಲ್ಲಿ ಬೆಟ್ಟವನ್ನು ಏರುತ್ತಿದ್ದವರು ಯಾರು, ಏಕೆ ಏರುತ್ತಿದ್ದರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲು ಇದು ಒಳ್ಳೆಯ ನಿಮಿತ್ತ.

ಮೊದಲನೆಯದಾಗಿ ತೋಟದ ವಿಚಾರ. ಕನ್ನಡದಲ್ಲಿ ‘ತೋಟ’ ಎಂದೊಡನೆ ಮನಸ್ಸಿಗೆ ಬರುವುದು ತೆಂಗು, ಬಾಳೆ, ಎಲೆಬಳ್ಳಿ, ಕಬ್ಬು. ವಿಹಾರಕ್ಕಾಗಿ ಬೆಳೆಸಿದುದನ್ನು ಹೇಳಬೇಕಾದರೆ ಉದ್ಯಾನ, ಉಪವನ ಎಂಬ ಸಂಸ್ಕೃತ ಪದಗಳನ್ನು ಬಳಸುತ್ತೇವೆ. ಈ ಭೇದವು ವಿಜಯನಗರದ ನೆಲದ ಮೇಲೆಯೂ ಕಾಣುತ್ತದೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಮನೆಗಳ ತೋಟಗಳಲ್ಲಿದ್ದ ಮರಗಳ ಗುಂಪುಗಳನ್ನೂ ನಗರದೊಳಕ್ಕೆ ಹರಿಯುತ್ತಿದ್ದ ನೀರಿನ ಕಾಲುವೆಗಳನ್ನೂ ಕೆರೆಗಳನ್ನೂ ಅರಮನೆಯ ಸಮೀಪದ ಫಲವೃಕ್ಷಗಳನ್ನೂ ವರ್ಣಿಸಿದ್ದಾನೆ. ಕೃಷ್ಣದೇವರಾಯನು ಎರಡು ಬೆಟ್ಟಗಳ ನಡುವಣ ಬಾಯಿಗೆ ಅಡ್ಡವಾಗಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನೂ ಆತ ದಾಖಲಿಸಿದ್ದಾನೆ. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ಬೆಟ್ಟಸಾಲು ಕೊನೆಗೊಳ್ಳುವಲ್ಲಿರುವ ರಾಯರ ಕೆರೆಯ ಏರಿಯೇ ಅದೆಂದು ಗುರುತಿಸಲಾಗಿದೆ. ನೀರು ತೋಟಗಳಿಗೂ ಗದ್ದೆಗಳಿಗೂ ಹೋಗತಕ್ಕದ್ದಾಗಿತ್ತು. ಆ ಕಾಲದ ತುರ್ತು ಕಾಲುವೆ ಇಂದಿಗೂ ಹಂಪೆಯ ಪಾಳುಗಳ ನಡುವೆ ಹರಿದು ಬಾಳೆ, ಕಬ್ಬು, ಭತ್ತಗಳಿಗೆ ನೀರುಣಿಸುತ್ತಿದೆ. ಗುಂಡುಗಲ್ಲುಗಳ ಕಂದು ಬಣ್ಣದ ಕೆಳಗೆ ಬಾಳೆಯ ಹಸುರು ಕಾಣುವ ನೋಟವನ್ನು ಪ್ರವಾಸಿಗಳು ಮೆಚ್ಚುತ್ತಾರೆ. ಆ ನೋಟವು ಐದು ನೂರು ವರ್ಷಗಳ ನೀರಾವರಿಯ ಫಲವೇ ಹೊರತು ನಿಸರ್ಗದ ದಾನವಲ್ಲ.

ತೋಟಕ್ಕೂ ಬೆಟ್ಟಕ್ಕೂ ಮತ್ತೊಂದು ನಂಟಿತ್ತು. ಬಳ್ಳಾರಿ ಜಿಲ್ಲೆಯ ಗೆಜೆಟಿಯರನ್ನು 1904ರಲ್ಲಿ ಹೊರತಂದ ಡಬ್ಲ್ಯು. ಫ್ರಾನ್ಸಿಸ್, ಕಮಲಾಪುರದಲ್ಲಿ ಕಬ್ಬಿನ ಹಾಲನ್ನು ಕಾಯಿಸುವ ಕಬ್ಬಿಣದ ಕೊಪ್ಪರಿಗೆಗಳನ್ನು ತಯಾರಿಸುತ್ತಿದ್ದುದನ್ನು ತಿಳಿಸುತ್ತಾನೆ. ಹಿಂದೆ ಅದಕ್ಕೆ ಬೇಕಾದ ಅದಿರು ಬರುತ್ತಿದ್ದುದು ಸಂಡೂರು ಸಾಲಿನ ತುದಿಯಲ್ಲಿ ಹೊಸಪೇಟೆಗೆ ಎದುರಾಗಿ ನಿಂತ ಜಂಬುನಾಥನ ಬೆಟ್ಟದಿಂದ. ಕಾಲುವೆಯ ನೀರಿನಿಂದ ಬೆಳೆದ ಕಬ್ಬು ಬೆಟ್ಟದ ಕಬ್ಬಿಣದ ಪಾತ್ರೆಯಲ್ಲಿ ಬೆಲ್ಲವಾಗುತ್ತಿತ್ತು. ಹೀಗಾಗಿ ಬೆಟ್ಟದಿಂದ ಕಬ್ಬಿಣವನ್ನು ತೆಗೆಯುವುದು ಇಲ್ಲಿ ಹೊಸ ಸಂಗತಿಯಲ್ಲ. ಹೊಸದಾಗಿರುವುದು ಅದರ ಪ್ರಮಾಣ.

ನೋಡುವುದಕ್ಕಾಗಿಯೇ ಇರುವ ಉದ್ಯಾನವು ಈ ಸೀಮೆಗೆ ವಿಶೇಷವಾಗಿ ಬಂದುದು ತುಂಗಭದ್ರಾ ಅಣೆಕಟ್ಟಿನೊಂದಿಗೆ. 1945ರಲ್ಲಿ ಪ್ರಾರಂಭವಾಗಿ 1953ರಲ್ಲಿ ನೀರು ನಿಂತ ಈ ಜಲಾಶಯದ ಕೆಳಗೆ ಪಂಪಾವನವೆಂಬ ಉದ್ಯಾನವಿದೆ. ಪಕ್ಕದ ಗುಡ್ಡದ ಮೇಲಣ ವೈಕುಂಠ ಅತಿಥಿಗೃಹದಿಂದ ನೀರಿನ ಹರವು ಕಾಣುತ್ತದೆ. ಅದೇ ಹರವಿನ ಅಡಿಯಲ್ಲಿ ಅನೇಕ ಹಳ್ಳಿಗಳು ಮುಳುಗಿವೆಯೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಬಾರದು.

ಎರಡನೆಯದಾಗಿ ನೋಟದ ನೆಲೆಗಳು. ಪಾಯೆಸನು ನಗರದ ವಿಸ್ತಾರವನ್ನು ತಿಳಿಯಲು ಒಂದು ಬೆಟ್ಟವನ್ನೇರಿದನು. ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದೆಂದು ಅವನಿಗೆ ತೋರಿತು. ಆದರೆ ನಗರವು ಹಲವು ಗುಡ್ಡಸಾಲುಗಳ ನಡುವೆ ಇದ್ದುದರಿಂದ ಒಂದೇ ನೆಲೆಯಿಂದ ಪೂರ್ತಿ ಕಾಣಲಿಲ್ಲವೆಂದು ಅವನು ಬರೆದಿದ್ದಾನೆ. ಈ ಮಾತಿನ ಸತ್ಯವನ್ನು ಇಂದೂ ಪರೀಕ್ಷಿಸಬಹುದು. ವೀರಭದ್ರನ ಗುಡಿಯಿರುವ ಮಾತಂಗ ಪರ್ವತದ ಮೇಲೆ ನಿಂತರೆ ವಿರೂಪಾಕ್ಷನ ಗೋಪುರ, ಅಚ್ಯುತರಾಯನ ದೇವಾಲಯ, ಹೊಳೆಯ ತಿರುವು ಇವು ಕಾಣುತ್ತವೆ. ನಗರದ ಉಳಿದ ಭಾಗಗಳಿಗೆ ಮಾಲ್ಯವಂತ, ಹೇಮಕೂಟಗಳನ್ನೂ ಹೊಳೆಯಾಚೆಯ ಅಂಜನಾದ್ರಿಯನ್ನೂ ಏರಬೇಕು. ಈ ನೆಲೆಗಳಲ್ಲೆಲ್ಲ ದೇವರ ಸನ್ನಿಧಾನವಿರುವುದು ಗಮನಾರ್ಹ. ದರ್ಶನವೆಂಬ ಪದದಲ್ಲಿ ದೇವರನ್ನು ನೋಡುವುದೂ ನೆಲವನ್ನು ನೋಡುವುದೂ ಬೇರೆಯಾಗಿರಲಿಲ್ಲ.

ಸಂಡೂರು ತಾಲ್ಲೂಕಿನ ರಾಮನದುರ್ಗದಲ್ಲಿ ಇದಕ್ಕಿಂತ ಭಿನ್ನವಾದ ಎರಡು ದೃಷ್ಟಿಗಳ ಕುರುಹು ಕಾಣುತ್ತದೆ. ಕಂಪಿಲಿಯ ಅರಸರ ಹೊಸಮಲೆದುರ್ಗವು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. 1327ರಲ್ಲಿ ದೆಹಲಿಯ ಸೈನ್ಯದಿಂದ ಅಳಿದ ಆ ರಾಜ್ಯಕ್ಕೆ ಬೆಟ್ಟದ ಮೇಲಿನ ನೋಟವೆಂದರೆ ಶತ್ರುವಿನ ಬರವನ್ನು ಕಾಯುವ ಕಾವಲಾಗಿತ್ತು. ಐದು ಶತಮಾನಗಳ ಮೇಲೆ, ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದಾಗ, ಬಳ್ಳಾರಿಯ ದಂಡಿನ ಇಂಗ್ಲಿಷ್ ಸೈನಿಕರಿಗೆ ಸುಮಾರು 3,250 ಅಡಿ ಎತ್ತರದ ಇದೇ ನೆಲವು ತಂಪಿನ ಆರೋಗ್ಯಧಾಮವಾಯಿತು. ಅವರಿಗೆ ನೋಟವೆಂದರೆ ಬಯಲಿನ ಬಿಸಿಲಿನಿಂದ ಬಿಡುಗಡೆ. ಒಂದೇ ಬೆಟ್ಟದ ತಲೆಯನ್ನು ಕಾವಲುಗಾರ, ರೋಗಿ, ಪ್ರವಾಸಿ ಈ ಮೂವರೂ ಮೂರು ಬಗೆಯಾಗಿ ಬಳಸಿದ್ದಾರೆ.

ಮೂರನೆಯದು ಕಾಲುದಾರಿ. ಹಂಪೆಯಲ್ಲಿ ವಿರೂಪಾಕ್ಷ ಬಜಾರಿನ ಪೂರ್ವದ ತುದಿಯಿಂದ ಹೊಳೆಯ ಪಕ್ಕದಲ್ಲಿ ಹೊರಟು, ಚಕ್ರತೀರ್ಥ, ಕೋದಂಡರಾಮನ ಗುಡಿ, ಸುಗ್ರೀವನ ಗುಹೆ, ಅರಸರ ತುಲಾಭಾರದ ಕಲ್ಲುಕಂಬಗಳನ್ನು ದಾಟಿ ವಿಠ್ಠಲ ದೇವಾಲಯವನ್ನು ಸೇರುವ ಸುಮಾರು ಎರಡು ಕಿಲೋಮೀಟರುಗಳ ದಾರಿಯನ್ನು ವರೇಸೆಯ ಏರುದಾರಿಯೊಡನೆ ಹೋಲಿಸಬಹುದು. ಅಲ್ಲಿಯಂತೆ ಇಲ್ಲಿಯೂ ಹೆಜ್ಜೆ ಹೆಜ್ಜೆಗೆ ನಿಲುಗಡೆಗಳುಂಟು. ಆದರೆ ಅದು ಒಂದು ಯೋಜನೆಯಂತೆ ಕಟ್ಟಿದ ದಾರಿ. ಇದು ರಾಮಾಯಣದ ಕಥೆ, ನದಿಯ ತೀರ್ಥ, ಪೇಟೆಯ ವ್ಯಾಪಾರ ಇವು ಶತಮಾನಗಳ ಕಾಲ ಕೂಡಿ ಮಾಡಿದ ದಾರಿ. 1986ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದರಿಂದ ಈ ದಾರಿಗೆ ಒಂದು ಬಗೆಯ ರಕ್ಷಣೆ ದೊರೆತಿದೆ.

ಸಂಡೂರಿನ ದಾರಿಗಳಿಗೆ ಅಂತಹ ಭಾಗ್ಯವಿಲ್ಲ. ಪಟ್ಟಣದಿಂದ ಸ್ವಾಮಿಮಲೆಯ ಕಾಡಿನೊಳಗೆ ಕುಮಾರಸ್ವಾಮಿಯ ಸನ್ನಿಧಿಗೆ ಹೋಗುವ ದಾರಿ ಬಹು ಪ್ರಾಚೀನವಾದುದು. ಅಲ್ಲಿನ ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಕುಮಾರಸ್ವಾಮಿಯ ಗುಡಿಯಲ್ಲಿ ರಾಷ್ಟ್ರಕೂಟರ ಕಾಲದ ಕೆಲಸವಿದೆ. ಸಮೀಪದಲ್ಲಿ ಹರಿಶಂಕರ ತೀರ್ಥದ ಬುಗ್ಗೆ. ಸಾವಿರ ವರ್ಷಗಳಿಗೂ ಮೀರಿ ಯಾತ್ರಿಕರು ನಡೆದ ಈ ದಾರಿಯ ಕೊನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಹೇಳಬೇಕು. ತಿರುವಾಂಕೂರಿನ 1936ರ ಪ್ರಸಿದ್ಧ ಘೋಷಣೆಗೆ ಮುಂಚೆಯೇ ಸಂಡೂರಿನ ಅರಸರು ದೇವಾಲಯಗಳನ್ನು ಹರಿಜನರಿಗೆ ತೆರೆದರು. 1934ರಲ್ಲಿ ಗಾಂಧೀಜಿಯವರು ಇಲ್ಲಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಅವರು ಹೇಳಿದರೆಂಬ ಮಾತು ಊರಿನಲ್ಲಿ ಈಗಲೂ ಪ್ರಚಲಿತವಾಗಿದೆ.

ಆ ಸೆಪ್ಟೆಂಬರಿನ ಹಸುರಿಗೆ ಒದಗಿದ ಗತಿಯನ್ನು ಎಲ್ಲರೂ ಬಲ್ಲರು. 20ನೆಯ ಶತಮಾನದ ಆರಂಭದಲ್ಲಿ ಸಣ್ಣದಾಗಿ ತೊಡಗಿದ ಮ್ಯಾಂಗನೀಸ್ ಮತ್ತು ಕಬ್ಬಿಣದ ಗಣಿಗಾರಿಕೆಯು 21ನೆಯ ಶತಮಾನದ ಮೊದಲ ದಶಕದಲ್ಲಿ ಅಳತೆ ಮೀರಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. 2013ರ ಏಪ್ರಿಲಿನ ತೀರ್ಪಿನಲ್ಲಿ ಘೋರ ಅಕ್ರಮವೆಸಗಿದ ಗುತ್ತಿಗೆಗಳನ್ನು ರದ್ದುಗೊಳಿಸಿ, ಉಳಿದವು ಕಟ್ಟುಪಾಡುಗಳಿಗೆ ಒಳಪಟ್ಟು ನಡೆಯಲು ಅವಕಾಶವಿತ್ತಿತು. ಉಕ್ಕು ದೇಶಕ್ಕೆ ಬೇಕು, ಕೂಲಿ ಜನಕ್ಕೆ ಬೇಕು ಎಂಬುದನ್ನು ಅಲ್ಲಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಒಂದು ವಿಷಯವನ್ನು ಇತಿಹಾಸಕಾರರಾದ ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಗುಡಿಯ ಸುತ್ತ ಬೇಲಿ ಹಾಕಿ ಗುಡಿಯನ್ನು ಉಳಿಸಬಹುದು. ದಾರಿ ಮತ್ತು ನೋಟಗಳು ಹಾಗಲ್ಲ. ದಾರಿಯು ಎರಡು ಊರುಗಳ ನಡುವಣ ಸಂಬಂಧ. ನೋಟವು ನಿಂತ ನೆಲೆಗೂ ಎದುರಿನ ಬೆಟ್ಟಕ್ಕೂ ಇರುವ ಸಂಬಂಧ. ಎದುರಿನ ಬೆಟ್ಟದ ನೆತ್ತಿಯನ್ನು ಕತ್ತರಿಸಿದರೆ ಈಚೆಯ ನೆಲೆಯಲ್ಲಿ ಒಂದು ಕಲ್ಲೂ ಕದಲದೆ ನೋಟವು ನಾಶವಾಗುತ್ತದೆ. ಬೆಟ್ಟದ ಮೇಲೆ ಮತ್ತೆ ಗಿಡಗಳನ್ನು ನೆಡಬಹುದು. ಅದರ ಹಿಂದಿನ ಆಕಾರವನ್ನು ಮತ್ತೆ ಕಟ್ಟಲಾಗದು.

ಆದಕಾರಣ ಮಾಡತಕ್ಕ ಕೆಲಸವೊಂದಿದೆ. ಅದಕ್ಕೆ ಹೆಚ್ಚಿನ ಹಣವೇನೂ ಬೇಡ. ಈ ಸೀಮೆಯ ಕಾಲೇಜುಗಳ ಚರಿತ್ರೆ ಮತ್ತು ಭೂಗೋಳ ವಿಭಾಗಗಳು ಕೂಡಿ ಕಾಲುದಾರಿಗಳ ನಕ್ಷೆಯೊಂದನ್ನು ಸಿದ್ಧಪಡಿಸಬೇಕು. ವಿದ್ಯಾರ್ಥಿಗಳು ದಾರಿಯನ್ನು ನಡೆದು, ಅದರ ಉದ್ದ, ದಾರಿಯ ಬದಿಯ ಗುಡಿ, ಬುಗ್ಗೆ, ವೀರಗಲ್ಲು, ಕಟ್ಟೆಗಳನ್ನು ಗುರುತುಮಾಡಿ, ಒಂದೊಂದು ನೆಲೆಯಿಂದ ಏನು ಕಾಣುತ್ತದೆಂಬುದನ್ನು ತಾರೀಖಿನೊಡನೆ ಬರೆದಿಡಬೇಕು. ಕುರಿಗಾಹಿಗಳೂ ಲಂಬಾಣಿ ತಾಂಡಾಗಳ ಹಿರಿಯರೂ ಬಳಸುವ ಗುಡ್ಡ, ಹಳ್ಳ, ಗಂಡಿಗಳ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಸಂಗ್ರಹಿಸಬೇಕು. ಗಣಿಯ ನಕ್ಷೆಗಳಲ್ಲಿ ಬೆಟ್ಟಗಳಿಗಿರುವುದು ಗುತ್ತಿಗೆಯ ಸಂಖ್ಯೆ ಮಾತ್ರ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದಿರುವುದರಿಂದ, ಒಂದು ಜಿಲ್ಲೆಯ ದಾಖಲೆಯಲ್ಲಿ ಈ ಭೂಭಾಗವು ಇಡಿಯಾಗಿ ಬರುವ ಸಂಭವ ಕಡಿಮೆಯಾಗಿದೆ. ಎರಡೂ ಜಿಲ್ಲೆಗಳ ಅಧ್ಯಾಪಕರು ಜೊತೆಗೂಡಿದರೆ ಬರುವ ಮಳೆಗಾಲದ ಕೊನೆಯಲ್ಲಿಯೇ ಈ ಕೆಲಸಕ್ಕೆ ತೊಡಗಬಹುದು.