ಹಿನ್ನೀರಿನ ಊರಿನವರು ಎಲ್ಲಿ ಹೋದರು?

ನನ್ನ ತವರೂರು ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವಾಗ ‘ಜನಸಂಖ್ಯೆಯ ಹಂಚಿಕೆ’ ಪಾಠ ಬಂದರೆ ನಾನು ಸವದತ್ತಿ ತಾಲೂಕಿನ ನಕ್ಷೆಯನ್ನೇ ಹಲಗೆಯ ಮೇಲೆ ಬರೆಯುತ್ತಿದ್ದೆ. ಜನ ಯಾಕೆ ಒಂದು ಕಡೆ ಸೇರುತ್ತಾರೆ, ಇನ್ನೊಂದು ಕಡೆ ಕರಗುತ್ತಾರೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದಲ್ಲಿ ಗುಡ್ಡ ಸೀಳಿಕೊಂಡು ಇಕ್ಕಟ್ಟಾಗಿ ಹರಿಯುತ್ತದೆ. ಅಂಥ ಕಡೆ ಕಡಿಮೆ ಉದ್ದದ ಗೋಡೆ ಸಾಕು; ಹಿಂದಿನ ಬಯಲೆಲ್ಲ ತುಂಬುತ್ತದೆ. 1970ರ ದಶಕದಲ್ಲಿ ಹೀಗೆ ತುಂಬಿದ ರೇಣುಕಾಸಾಗರದಲ್ಲಿ 37.73 ಟಿಎಂಸಿ ನೀರು ನಿಲ್ಲುತ್ತದೆ. ಆ ಬಯಲು ಬಿಳಿಜೋಳ, ಕಡಲೆ, ಹತ್ತಿ ಬೆಳೆಯುತ್ತಿದ್ದ ಎರಿ ಹೊಲ. “ಹೊಲಕ್ಕ ರೊಕ್ಕ ಕೊಟ್ರು, ಹೊಳಿ ದಂಡಿ ಯಾರು ಕೊಡ್ತಾರ?” ಎಂದು ನಮ್ಮವ್ವ ಕಡೆತನಕ ಕೇಳುತ್ತಿದ್ದಳು.

ನೀರು ಕಾಲುವೆ ಹಿಡಿದು ರಾಮದುರ್ಗ, ನರಗುಂದ, ನವಲಗುಂದ, ರೋಣ, ಬಾದಾಮಿಯ ಕಡೆ ಹೋಯಿತು. ಆದರೆ ಕಾಲುವೆ ಬಂದಲ್ಲೆಲ್ಲ ಸುಖ ಬರಲಿಲ್ಲ. ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಂದಾಗ ನರಗುಂದ, ನವಲಗುಂದದ ರೈತರು 1980ರ ಜುಲೈನಲ್ಲಿ ಬಂಡೆದ್ದರು. ಇದೇ ನೀರು ಕುಡಿಯುವ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ಕ್ಕೆ 9 ಲಕ್ಷ ದಾಟಿತ್ತು. ಕೆಲಸ ಹುಡುಕಿ ಹಳ್ಳಿ ಬಿಟ್ಟ ನಮ್ಮ ಓಣಿಯವರೂ ಆ ಲೆಕ್ಕದಲ್ಲಿದ್ದಾರೆ.

ಇನ್ನು ಕೆಲವರು ಘಟ್ಟ ಇಳಿದರು. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಅಲ್ಲಿ ಅದಿರು ಗಣಿ, ಬಂದರು, ಕಟ್ಟಡದ ಕೆಲಸ ಬೆಳೆದವು. ಉತ್ತರ ಕರ್ನಾಟಕದ ಜನ ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ಬಿಡಾರ ಹೂಡಿದರು. 2012ರಲ್ಲಿ ಗಣಿಗಾರಿಕೆ ನಿಂತಾಗ ಅಲ್ಲಿನ ದುಡಿಮೆಗೂ ಪೆಟ್ಟು ಬಿತ್ತು. ಒಂದು ಸಂಪನ್ಮೂಲ ಜನರನ್ನು ಎಬ್ಬಿಸಿತು, ಇನ್ನೊಂದು ಕರೆಯಿತು. ಎರಡನೆಯದು ಬತ್ತಿದಾಗ ಊರಿಗೆ ಮರಳೋಣವೆಂದರೆ ಹಲವರಿಗೆ ಹೊಲವಿರಲಿಲ್ಲ.

ಇಷ್ಟೆಲ್ಲ ಸರಕಾರಿ ಲೆಕ್ಕದಲ್ಲಿ ಹೇಗೆ ದಾಖಲಾಗಿದೆ? 2011ರ ಜನಗಣತಿ ವಲಸೆಗೆ ಕೊಟ್ಟ ಕಾರಣಗಳು ಕೆಲಸ, ವ್ಯಾಪಾರ, ಶಿಕ್ಷಣ, ಮದುವೆ, ಹುಟ್ಟಿದ ಮೇಲೆ ಬಂದದ್ದು, ಮನೆಯವರೊಂದಿಗೆ ಬಂದದ್ದು, ಇತರೆ. ಮುಳುಗಡೆ ಎಂಬ ಪ್ರತ್ಯೇಕ ಕಾರಣ ಅದರಲ್ಲಿರಲಿಲ್ಲ. ನಾಡಿಗೆ ನೀರು ಕೊಟ್ಟವರು ‘ಇತರೆ’ಯಲ್ಲಿ ಸೇರಿಹೋದರು. ಇದು ಅನ್ಯಾಯ.

ಮುಂದಿನ ಜನಗಣತಿ 2027ರಲ್ಲಿ ಮುಗಿಯಲಿದೆ. ಎಣಿಕೆದಾರರು ಬಂದಾಗ ಹಿಂದಿನ ಊರಿನ ಹೆಸರು ಸರಿಯಾಗಿ ಬರೆಸಿ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಮುಳುಗಡೆ ಊರು, ಅಲ್ಲಿಂದ ಎದ್ದ ಮನೆತನ, ಅವರು ನೆಲೆ ನಿಂತ ಜಾಗಗಳ ಪಟ್ಟಿ ಮಾಡಲಿ. ಅದನ್ನು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ವರ್ಷವೇ ಅವರನ್ನು ಕೇಳಿ, ಬರೆದಿಡಿ.