ಫೋಟೊ ತೆಗೆದಿರಿ, ಕಳಿಸೋದು ಯಾರಿಗೆ?

ನೋ ಪಾರ್ಕಿಂಗ್ ಬೋರ್ಡಿನ ಬುಡದಲ್ಲೇ ಕಾರು ನಿಲ್ಲಿಸಿ ಹೋಗಿದ್ದಾರೆ. ನೀವು ಫೋಟೊ ತೆಗೆದಿರಿ. ಸರಿ, ಕಳಿಸೋದು ಎಲ್ಲಿಗೆ? ಬೆಂಗಳೂರಿಗಾದರೆ 2015ರಲ್ಲೇ ಪಬ್ಲಿಕ್ ಐ ಆ್ಯಪ್ ಬಂತು. ಅದು ಬೆಂಗಳೂರಿಗೆಂದೇ ಮಾಡಿದ್ದು, ನಮ್ಮ ಬಿ.ಸಿ. ರೋಡಿಗಲ್ಲ.

ಇಲ್ಲಿ ಮೊದಲು ಗೊತ್ತಿರಬೇಕಾದ್ದು ವ್ಯಾಪ್ತಿ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರ್ ಅಡಿಯಲ್ಲಿದೆ. ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್ಪಿಯವರ ಅಡಿಯಲ್ಲಿ. ಎರಡಕ್ಕೂ ಸಂಚಾರ ಠಾಣೆ ಬೇರೆಯೇ ಇದೆ, ಬಂಟ್ವಾಳದ್ದು ಮೆಲ್ಕಾರಿನಲ್ಲಿ. ಬೆಳ್ತಂಗಡಿಯ ಫೋಟೊವನ್ನು ಕಮಿಷನರಿಗೆ ಟ್ಯಾಗ್ ಮಾಡಿ ‘ಕ್ರಮ ಇಲ್ಲ’ ಅಂತ ಬೈದರೆ ಏನು ಪ್ರಯೋಜನ ಸ್ವಾಮಿ?

ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ಫೋಟೊ ಬಗ್ಗೆ ಒಂದು ಮಾತು. ಬರೀ ನಂಬರ್ ಪ್ಲೇಟ್ ಝೂಮ್ ಮಾಡಬೇಡಿ. ಅದು ಯಾವ ಊರಿನ ರಸ್ತೆಯೂ ಆಗಬಹುದು. ಪ್ಲೇಟು, ಬೋರ್ಡು, ಪಕ್ಕದ ಅಂಗಡಿ ಮೂರೂ ಒಂದೇ ಚಿತ್ರದಲ್ಲಿರಲಿ. ದಿನ, ಸಮಯ, ಜಾಗ ಬರೆದೇ ಕಳಿಸಿ. ಫೋಟೊದೊಳಗೆ ಕ್ಯಾಮೆರಾ ಬರೆದಿಟ್ಟ ಸಮಯ, ಸ್ಥಳದ ಮಾಹಿತಿ ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಅಳಿಸಿಹೋಗುತ್ತದೆ.

ಬೋರ್ಡ್ ಇಲ್ಲ ಅನ್ನೋದು ನೆಪ. ಫುಟ್‌ಪಾತ್, ತಿರುವು, ಆಸ್ಪತ್ರೆ ಬಾಗಿಲು—ಇಲ್ಲೆಲ್ಲ ನಿಲ್ಲಿಸೋದು ತಪ್ಪೇ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಅಡ್ಡಿಯಾಗುವಂತೆ ವಾಹನ ಬಿಡಬಾರದು ಅನ್ನುತ್ತದೆ. ಎಳೆಸುವ ಅಧಿಕಾರ 127ನೇ ಕಲಮಿನಲ್ಲಿ, ಅದೂ ಸಮವಸ್ತ್ರದ ಪೊಲೀಸರಿಗೆ. ಸಿಟ್ಟಿಗೆ ಚಕ್ರದ ಗಾಳಿ ತೆಗೆಯಬೇಡಿ. ಆ ಕಾರು ಅಲ್ಲೇ ಕೂರುತ್ತೆ, ಅಷ್ಟೆ.

ಚಾರ್ಮಾಡಿ ಕಡೆಯಿಂದ ಮಂಗಳೂರು ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಬೆಳ್ತಂಗಡಿ ಪೇಟೆ, ಬಿ.ಸಿ. ರೋಡ್ ಎರಡನ್ನೂ ದಾಟಬೇಕು. ಅದರ ದಾರಿಗೆ ಕಾರು ಅಡ್ಡ ನಿಂತಿದ್ದರೆ ಫೋಟೊ ಆಮೇಲೆ. ಮೊದಲು 112ಕ್ಕೆ ಫೋನ್ ಮಾಡಿ.